ಕೆರೆಯ ಏರಿಯ ಮೇಲಿನ ಪಾಠ

ಜೂನ್ 5 ಬಂದಿತೆಂದರೆ ಕನ್ನಡ ನಾಡಿನ ಎಷ್ಟೋ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ನೆಂಟರು ಬರುತ್ತಾರೆ. ಬರುವವರು ಸಮೀಪದ ಪಟ್ಟಣದ ಕಾಲೇಜಿನ ವಿದ್ಯಾರ್ಥಿಗಳು. ಬಸ್ಸಿನಿಂದ ಇಳಿಯುವ ಇಪ್ಪತ್ತು ಮೂವತ್ತು ಮಂದಿ ತರುಣ ತರುಣಿಯರ ಕೈಯಲ್ಲಿ ಹೊಂಗೆ, ಬೇವು, ನೇರಳೆಯ ಸಸಿಗಳಿರುತ್ತವೆ. ಕೊನೆಯಲ್ಲಿ ಇಳಿಯುವವನ ಹೆಗಲ ಮೇಲೆ ಸುರುಳಿ ಸುತ್ತಿದ ಬ್ಯಾನರು ಇರುತ್ತದೆ. ಶಾಲೆಯ ಅಂಗಳದಲ್ಲಿ ಮೊದಲೇ ತೋಡಿಟ್ಟ ಗುಂಡಿಗಳು ಕಾದಿರುತ್ತವೆ. ಪ್ರಾರ್ಥನೆ, ಸ್ವಾಗತ, ಭಾಷಣ, ಸಸಿ ನೆಡುವುದು, ಛಾಯಾಚಿತ್ರ, ವಂದನಾರ್ಪಣೆ ಎಲ್ಲವೂ ಬಿಸಿಯೂಟದ ಗಂಟೆ ಬಾರಿಸುವುದರೊಳಗೆ ಮುಗಿಯುತ್ತವೆ. ಸಂಜೆಯ ಬಸ್ಸಿಗೆ ನೆಂಟರು ಹೊರಟುಹೋಗುತ್ತಾರೆ. ಮುಂದಿನ ಜೂನ್ ತಿಂಗಳಲ್ಲಿ ಬೇರೆ ನೆಂಟರು ಬರುತ್ತಾರೆ. ಅವರಿಗಾಗಿ ಹೊಸ ಗುಂಡಿ ತೋಡುವ ಶ್ರಮವಿಲ್ಲ; ಹಳೆಯ ಗುಂಡಿಗಳೇ ಬರಿದಾಗಿ ಉಳಿದಿರುತ್ತವೆ.

ಇದನ್ನು ಕಂಡು ನಗುವುದು ಸುಲಭ. ಆದರೆ ನಕ್ಕು ಬಿಟ್ಟುಬಿಡುವ ವಿಷಯ ಇದಲ್ಲ. ಕಾಲೇಜಿನಲ್ಲಿ ಓದುವವರು ಎಳೆಯ ಮಕ್ಕಳ ಬಳಿಗೆ ಹೋಗಿ ನೆಲ, ಜಲ, ಗಿಡ, ಹಕ್ಕಿಗಳ ವಿಚಾರವನ್ನು ತಿಳಿಸುವುದು ಮೂಲತಃ ಒಳ್ಳೆಯ ಕೆಲಸ. ಬಹುಶಃ ಆ ಪ್ರಾಯದವರಿಗಿಂತ ಚೆನ್ನಾಗಿ ಅದನ್ನು ಬೇರೆ ಯಾರೂ ಮಾಡಲಾರರು. ಅಷ್ಟು ಒಳ್ಳೆಯ ಕೆಲಸವು ಒಂದು ಬೆಳಗಿನ ಸಮಾರಂಭವಾಗಿ ಒಣಗಿಹೋಗುವುದೇಕೆ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಕಲಿಸುವ ಪದ್ಧತಿ ಈ ನಾಡಿಗೆ ಹೊಸತಲ್ಲ. ಹಿಂದಿನ ಕೂಲಿಮಠಗಳಲ್ಲಿ ಐಗಳು ಒಬ್ಬರೇ, ಮಕ್ಕಳು ಹಲವರು. ಮರಳಿನ ಮೇಲೆ ಬೆರಳಿಡಿಸಿ ಅಕ್ಷರ ತಿದ್ದಿಸುವ ಕೆಲಸ ದೊಡ್ಡ ಹುಡುಗರ ಪಾಲಿಗೆ ಬರುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಆ ಕಡೆಯ ಜಗಲಿಯ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು; ಕಲಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚು ಹಾಕಿಸಿದನು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು. ಜಗಲಿಯ ಮೇಲಿನ ಹುಡುಗರು ಕಡಲಾಚೆಯ ಮೇಷ್ಟರುಗಳಿಗೆ ಪಾಠ ಹೇಳಿದಂತಾಯಿತು!

ಇಂದಿನ ಕಾಲೇಜು ವಿದ್ಯಾರ್ಥಿಗಳಿಗೆ ಏರ್ಪಾಡುಗಳ ಕೊರತೆಯೇನೂ ಇಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದನ್ನು ಸೇರಿದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಹಳ್ಳಿಯೊಂದರ ಏಳು ದಿನಗಳ ಶಿಬಿರದಲ್ಲಿ ಇರಬೇಕು. 1976ರಲ್ಲಿ ಸಂವಿಧಾನಕ್ಕೆ ಆದ ನಲವತ್ತೆರಡನೆಯ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾ ಕಾಲೇಜುಗಳಲ್ಲಿ ಪರಿಸರವು ಪಾಠದ ವಿಷಯವಾಗಬೇಕೆಂದು ಹೇಳಿತು. ಕಾನೂನು ಇದೆ, ಗಂಟೆಗಳ ಲೆಕ್ಕವಿದೆ, ಶಿಬಿರವಿದೆ. ಆದರೆ ಮೂರನೆಯ ತರಗತಿಯ ಮಗುವಿಗೆ ಇವು ಯಾವುವೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ಬಸ್ಸಿನಿಂದ ಇಳಿದ ಒಬ್ಬ ಅಕ್ಕ, ಒಬ್ಬ ಅಣ್ಣ.

ಹಳ್ಳಿಯ ಮಕ್ಕಳು ಆ ವಿದ್ಯಾರ್ಥಿಗಳನ್ನು ಮೇಷ್ಟರೆಂದು ಕರೆಯುವುದಿಲ್ಲ. ಅಕ್ಕ, ಅಣ್ಣ ಎನ್ನುತ್ತಾರೆ. ಈ ಸಂಬೋಧನೆಯಲ್ಲಿಯೇ ಎಲ್ಲ ಬಲವೂ ಅಡಗಿದೆ. ನಲವತ್ತು ದಾಟಿದ ಉಪಾಧ್ಯಾಯರು ಕೆರೆಯ ವಿಷಯ ಹೇಳಿದರೆ ಅದು ಪಾಠ. ಹತ್ತೊಂಬತ್ತರ ಅಕ್ಕ ಹೇಳಿದರೆ ಅದು ಸಮಾಚಾರ. ಎರಡು ಜಡೆಯ ಹುಡುಗಿಯು ಒಂಟಿ ಜಡೆಯ ಅಕ್ಕನನ್ನು ನೋಡುವ ನೋಟವೇ ಬೇರೆ. ಅವಳು ಕುಳಿತಂತೆ ಕುಳಿತುಕೊಳ್ಳುತ್ತಾಳೆ; ಅವಳು ಪೆನ್ನು ಹಿಡಿದಂತೆ ಸೀಸದಕಡ್ಡಿ ಹಿಡಿಯುತ್ತಾಳೆ; ಮನೆಗೆ ಹೋಗಿ ತಾಯಿಗೆ ಅವಳ ಮಾತನ್ನು ಅವಳ ಧಾಟಿಯಲ್ಲಿಯೇ ಒಪ್ಪಿಸುತ್ತಾಳೆ. ತಾನು ಇನ್ನು ಹತ್ತು ವರ್ಷಕ್ಕೆ ಏನಾಗಬಹುದು ಎಂಬುದು ಆ ಮಗುವಿನ ಕಣ್ಣೆದುರಿಗೆ ನಡೆದಾಡುತ್ತಿರುತ್ತದೆ. ಇಂಥ ಅಧಿಕಾರವು ಪಠ್ಯಪುಸ್ತಕಕ್ಕೆ ಇಲ್ಲ. ಯಾವ ಮಂತ್ರಿಯ ಭಾಷಣಕ್ಕೂ ಇಲ್ಲ.

ಅಪಾಯವೂ ಅಲ್ಲಿಯೇ ಇದೆ. ಮಗುವು ಅಕ್ಕ ಹೇಳಿದ್ದಕ್ಕಿಂತ ಅಕ್ಕ ಮಾಡಿದ್ದನ್ನು ಹೆಚ್ಚು ನಂಬುತ್ತದೆ. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಬ್ಯಾನರನ್ನು ಶಾಲೆಯ ಗೋಡೆಗೆ ಕಟ್ಟಲಾಗುತ್ತದೆ. ಬ್ಯಾನರೇ ಪ್ಲಾಸ್ಟಿಕ್ಕಿನದು! ಕರ್ನಾಟಕದಲ್ಲಿ 2016ರ ಮಾರ್ಚ್ ತಿಂಗಳಿನಲ್ಲಿಯೇ ಪ್ಲಾಸ್ಟಿಕ್ ಚೀಲಗಳೊಡನೆ ಅಂಥ ಫ್ಲೆಕ್ಸುಗಳನ್ನೂ ನಿಷೇಧಿಸಲಾಯಿತೆಂಬುದು ಅದನ್ನು ಕಟ್ಟುವವರಿಗೆ ಎಷ್ಟೋ ಸಲ ನೆನಪಿರುವುದಿಲ್ಲ. ಸಮಾರಂಭ ಮುಗಿದ ಮೇಲೆ ಅದರ ಬಗ್ಗೆ ಚಿಂತಿಸುವವನು ಐದನೆಯ ತರಗತಿಯ ಹುಡುಗನೊಬ್ಬನೇ. ಮಳೆಗಾಲಕ್ಕೆ ದನದ ಕೊಟ್ಟಿಗೆಯ ಮೇಲೆ ಹೊದಿಸಲು ಬೇಕೆಂದು ಅವನು ಅದನ್ನು ಬಿಚ್ಚಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಆ ದಿನ ಅಲ್ಲಿ ವಸ್ತುವೊಂದನ್ನು ವ್ಯರ್ಥಮಾಡದೆ ಬಳಸಿದವನು ಅವನೇ. ‘ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ’ ಎಂಬ ಗಾದೆಯನ್ನು ಮಕ್ಕಳಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ.

ಇನ್ನು ಅಲ್ಲಿ ಹೇಳುವ ವಿಷಯವಾದರೂ ಏನು? ಕಾಲೇಜಿನ ವಿದ್ಯಾರ್ಥಿಯು ತಾನು ಪರೀಕ್ಷೆಗಾಗಿ ಓದಿದ ಪುಸ್ತಕದ ಪುಟಗಳನ್ನೇ ಕಿರಿದುಮಾಡಿ ಮಕ್ಕಳ ಮುಂದಿಡುತ್ತಾನೆ. ಓಜೋನಿನ ಪದರ, ಕರಗುತ್ತಿರುವ ಧ್ರುವದ ಹಿಮ, ಹಸಿದ ಹಿಮಕರಡಿ, ಮುಳುಗಲಿರುವ ದ್ವೀಪಗಳು. ಇವು ಸುಳ್ಳಲ್ಲ, ತಿಳಿಯಬಾರದವೂ ಅಲ್ಲ. ಆದರೆ ಏಳೆಂಟು ವರ್ಷದ ಮಗುವಿಗೆ ಹಿಮಕರಡಿಯು ಕತೆಯ ರಾಕ್ಷಸನಷ್ಟೇ ದೂರ. ಆ ಮಗುವಿನ ಊರಿನ ಕೆರೆಯಲ್ಲಿ ಹೋದ ವರ್ಷವಿದ್ದ ನೀರು ಈ ವರ್ಷ ಇಲ್ಲ. ಅದರ ಮನೆಯ ಮುಂದಿನ ಹುಣಸೆಮರಕ್ಕೆ ರಸ್ತೆ ಅಗಲಮಾಡುವವರು ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ಅದರ ಮಾತೇ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವಾದಂತೆ ಊರಿನ ಕೆರೆಯು ಪರಿಸರವಲ್ಲವಾಗುತ್ತದೆ.

ಮತ್ತೊಂದು ದೋಷವು ಇದಕ್ಕಿಂತ ಕ್ರೂರವಾದುದು. ದೊಡ್ಡವರು ಮಾಡಿದ ಹಾಳನ್ನೆಲ್ಲ ಎಣಿಸಿ, ‘ಇನ್ನು ಭೂಮಿ ಉಳಿಯುವುದು ನಿಮ್ಮ ಕೈಯಲ್ಲಿದೆ’ ಎಂದು ಎಂಟು ವರ್ಷದವರ ತಲೆಯ ಮೇಲೆ ಹೊರೆಯನ್ನಿಟ್ಟು ಬರುವ ಭಾಷಣಗಳಿವೆ. ಆ ಮಗುವು ಕಾಡನ್ನು ಕಡಿದಿಲ್ಲ, ಕಾರ್ಖಾನೆಯ ಕೊಳಕನ್ನು ನದಿಗೆ ಬಿಟ್ಟಿಲ್ಲ. ಬೆದರಿದ ಮಗುವು ಗಿಡವನ್ನು ಪ್ರೀತಿಸುವುದಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟೆ. ಮೊದಲು ಕೆರೆಯ ಪರಿಚಯವಾಗಲಿ, ಆಮೇಲೆ ಕೆರೆಯ ಕಾಯಿಲೆಯ ಪರಿಚಯವಾದೀತು.

ಕಲಿಸಹೊರಟವನಿಗೆ ಸ್ವಲ್ಪ ವಿನಯವೂ ಬೇಕು. ಅದಕ್ಕೆ ನೀಲಗಿರಿ ಮರದ ಕತೆಯೇ ಸಾಕ್ಷಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ತುಂಬ ನೀಲಗಿರಿಯನ್ನು ನೆಡಲಾಯಿತು. ಕೋಲಾರದ ಕಡೆ ರಾಗಿಯ ಹೊಲಗಳೂ ಅದರ ತೋಪುಗಳಾದವು. ಅಂದು ಗಿಡ ನೆಡುವುದೆಂದರೆ ಪುಣ್ಯದ ಕೆಲಸ. ಯಾವ ಗಿಡವೆಂದು ಕೇಳಿದವರು ಕಡಮೆ. ನೆಲದ ನೀರನ್ನು ಅದು ಬಹಳವಾಗಿ ಹೀರುವುದೆಂಬ ದೂರು ರೈತರಿಂದ ಆಗಲೇ ಕೇಳಿಬಂದಿತ್ತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿಯನ್ನು ಹೊಸದಾಗಿ ಬೆಳೆಸಬಾರದೆಂದು ಆಜ್ಞೆ ಹೊರಡಿಸಿತು. ಅಂದು ನೆಟ್ಟವರು ದುಷ್ಟರಲ್ಲ. ಪರಿಸರಕ್ಕೆ ಒಳಿತಾಗಲೆಂದೇ ನೆಟ್ಟವರು ಅವರಲ್ಲಿ ಅನೇಕರು. ಓದಿದವರ ತಿಳಿವಳಿಕೆಯೂ ತಪ್ಪಬಹುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಗುವಿನ ಮುಂದೆ ನಿಲ್ಲುವವನು ಮೊದಲು ಕೇಳುತ್ತಾನೆ, ಅನಂತರ ಹೇಳುತ್ತಾನೆ.

ಹಾಗೆ ಕೇಳುವುದರಿಂದ ಆರಂಭವಾಗುವ ಪಾಠ ಹೇಗಿದ್ದೀತು? ಬಯಲುಸೀಮೆಯ ಯಾವುದಾದರೂ ಒಂದು ಹಳ್ಳಿಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಶಿಬಿರಕ್ಕೆ ಬಂದ ಐದಾರು ವಿದ್ಯಾರ್ಥಿಗಳು ತರಗತಿಯ ಕೋಣೆಯಲ್ಲಿ ಭಾಷಣಮಾಡುವ ಬದಲು, “ನಿಮ್ಮ ಊರಿನ ಕೆರೆಯನ್ನು ತೋರಿಸುತ್ತೀರಾ?” ಎಂದು ಮಕ್ಕಳನ್ನು ಕೇಳುತ್ತಾರೆ. ಅಲ್ಲಿಗೆ ತರಗತಿ ತಲೆಕೆಳಗಾಗುತ್ತದೆ. ಮಕ್ಕಳು ಮುಂದೆ, ಅಕ್ಕ ಅಣ್ಣಂದಿರು ಹಿಂದೆ. ಏರಿಯ ಮೇಲೆ ನಡೆಯುವಾಗ ಅಕ್ಕನೊಬ್ಬಳು ಕಲ್ಲಿನ ಕಂಬಗಳ ನಡುವಿನ ಕಿಂಡಿಯನ್ನು ತೋರಿಸಿ, “ಇದೇನು, ಬಾವಿಯೆ?” ಎಂದರೆ ಮಕ್ಕಳಿಗೆ ನಗುವೋ ನಗು.

“ಬಾವಿಯಲ್ಲ ಅಕ್ಕ, ತೂಬು. ಇದನ್ನು ಎತ್ತಿದರೆ ಗದ್ದೆಗೆ ನೀರು ಹೋಗುತ್ತದೆ.”

“ಎತ್ತುವವರು ಯಾರು?”

“ಮುಂಚೆ ನೀರಗಂಟಿ ತಾತ ಎತ್ತುತ್ತಿದ್ದರು. ಈಗ ನೀರೇ ಇಲ್ಲವಲ್ಲ!”

ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಬೀಳುವ ಸ್ಥಳವೇ ಕೋಡಿ ಎಂಬುದು, ಕೋಡಿ ಬಿದ್ದ ದಿನ ಊರಿನವರು ಪೂಜೆ ಮಾಡುತ್ತಾರೆಂಬುದು, ಹೂಳೆತ್ತಿದ ಮಣ್ಣಿಗೆ ಗೋಡು ಎಂಬ ಹೆಸರಿದೆ ಎಂಬುದು, ಬೇಸಗೆಯಲ್ಲಿ ಅಜ್ಜ ಆ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದನೆಂಬುದು ಎಲ್ಲವೂ ಹೀಗೆ ಒಂದೊಂದಾಗಿ ಹೊರಬರುತ್ತವೆ. ಇವುಗಳಲ್ಲಿ ಯಾವುದೂ ವಿದ್ಯಾರ್ಥಿಗಳ ಪದವಿಯ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಹಾಗಾದರೆ ಅವರ ಓದಿಗೆ ಅಲ್ಲಿ ಬೆಲೆಯಿಲ್ಲವೆ? ಇದೆ, ಸರದಿ ಬರುವುದು ಈಗ.

ಮೊದಲ ಮಳೆಯ ನೀರು ಕೆರೆಗೆ ಇಳಿಯುವ ಹಳ್ಳದಿಂದ ಒಂದು ಗಾಜಿನ ಸೀಸೆಯಲ್ಲಿ ಕೆನ್ನೀರನ್ನು ತುಂಬಿ ತರಗತಿಯ ಕಿಟಕಿಯಲ್ಲಿ ಇಡುತ್ತಾರೆ. ಮಾರನೆಯ ಬೆಳಗ್ಗೆ ನೀರು ತಿಳಿಯಾಗಿದೆ; ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಕುಳಿತಿದೆ; ಅದರಲ್ಲಿಯೂ ಕೆಳಗೆ ಮರಳು, ಮೇಲೆ ನುಣುಪಾದ ಜೇಡಿ. ಗಿಡಗಂಟಿಗಳಿಲ್ಲದ ದಿಬ್ಬದಿಂದ ಹರಿದು ಬಂದ ನೀರಿನ ಸೀಸೆಯನ್ನೂ ಹುಲ್ಲು ಪೊದೆಗಳಿರುವ ಕಡೆಯಿಂದ ಬಂದ ನೀರಿನ ಸೀಸೆಯನ್ನೂ ಪಕ್ಕದಲ್ಲಿಟ್ಟರೆ ಮಾತೇ ಬೇಕಾಗಿಲ್ಲ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ ಎಂಬ ವಾಕ್ಯವನ್ನು ನೂರು ಸಲ ಬರೆಸಿದರೂ ಮೂಡದ ತಿಳಿವು ಆ ಎರಡು ಸೀಸೆಗಳಿಂದ ಮೂಡುತ್ತದೆ. ಇನ್ನೊಬ್ಬ ಅಣ್ಣನು ಭೂಪಟವನ್ನು ಬಿಡಿಸಿ, ಆ ಊರಿನ ಕೋಡಿಯ ನೀರು ಕೆಳಗಿನ ಊರಿನ ಕೆರೆಗೂ ಅಲ್ಲಿನ ಕೋಡಿಯ ನೀರು ಅದರ ಕೆಳಗಿನ ಕೆರೆಗೂ ಇಳಿಯುವುದನ್ನು ತೋರಿಸುತ್ತಾನೆ. ಹಿರಿಯರು ಕೆರೆಗಳನ್ನು ಸರಣಿಯಾಗಿ ಕಟ್ಟಿದ್ದರೆಂಬುದು ಮಕ್ಕಳಿಗೂ ಹೊಸದು, ಬಹಳ ಮಂದಿ ದೊಡ್ಡವರಿಗೂ ಹೊಸದು. ನಡುವಿನ ಕಾಲುವೆಯೊಂದನ್ನು ಯಾರೋ ಮುಚ್ಚಿ ಮನೆ ಕಟ್ಟಿದರೆ ಕೆಳಗಿನ ಮೂರು ಊರಿನ ಕೆರೆಗಳು ಬತ್ತುವುದೇಕೆಂದು ಆಗ ಯಾರೂ ವಿವರಿಸಬೇಕಾಗಿಲ್ಲ. ಮಕ್ಕಳೇ ಪಟದ ಮೇಲೆ ಬೆರಳಿಡುತ್ತಾರೆ. ಹೆಸರುಗಳನ್ನು ಮಕ್ಕಳು ಕೊಟ್ಟರು. ಕಾರಣಗಳನ್ನು ಅಕ್ಕ ಅಣ್ಣಂದಿರು ಕೊಟ್ಟರು. ಕೊಟ್ಟವರೂ ಪಡೆದರು.

ಹಳ್ಳಿಯ ತಿಳಿವು ಮತ್ತು ಕಾಲೇಜಿನ ತಿಳಿವು ಒಂದಕ್ಕೊಂದು ಎಷ್ಟು ಬೇಕೆಂಬುದನ್ನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಾಣಬಹುದು. ಶಿಂಷಾ ನದಿಗೆ ಸಮೀಪದ ಆ ಊರಿನ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷ ಬಂದು ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವುಗಳನ್ನು ಭಾವಿಸುತ್ತಾರೆ. ಹಕ್ಕಿಗಳಿಂದ ಹುಣಸೆಯ ಫಸಲು ಹಾಳಾದರೂ ಮರವನ್ನು ಕಡಿಯದೆ ಉಳಿಸಿಕೊಂಡು ಬಂದವರು ಅವರು. ಅನಂತರ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನ ಕೊಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿ ವೀಕ್ಷಕರ ತಂಡವು ಆ ಊರಿಗೆ ಬಂದಿತು. ಅವರು ಬಂದು ಹೋದವರಲ್ಲ, ಬಂದು ನಿಂತವರು. ಗೂಡಿನಿಂದ ಬಿದ್ದು ನಾಯಿಗಳ ಪಾಲಾಗುತ್ತಿದ್ದ ಮರಿಗಳನ್ನು ಆಯ್ದು, ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ಬಲಿತ ಮೇಲೆ ಹಾರಲು ಬಿಡುವ ಕೆಲಸದಲ್ಲಿ ಊರಿನ ತರುಣರೂ ಸೇರಿದರು. ಅವರ ಕೂಟಕ್ಕೆ ‘ಹೆಜ್ಜಾರ್ಲೆ ಬಳಗ’ವೆಂದೇ ಹೆಸರಾಯಿತು. 2007ರಲ್ಲಿ ಆ ಪ್ರದೇಶವನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು.

ಆ ಊರಿನ ಮಗುವಿಗೆ ಪಟ್ಟಣದಿಂದ ಬಂದವರು ಹೆಜ್ಜಾರ್ಲೆಯನ್ನು ಚಿತ್ರದಲ್ಲಿ ತೋರಿಸಿ ‘ಇದೊಂದು ಹಕ್ಕಿ’ ಎಂದರೆ ಅದಕ್ಕಿಂತ ನಗೆಪಾಟಲು ಬೇರೊಂದಿಲ್ಲ. ಆದರೆ 2017ರ ಕೊನೆಯಿಂದ ಕೆಲವು ತಿಂಗಳ ಕಾಲ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದಾಗ, ಹಕ್ಕಿಯನ್ನು ಅಷ್ಟು ಚೆನ್ನಾಗಿ ಬಲ್ಲ ಊರಿಗೆ ಕಾರಣ ತಿಳಿಯಲಿಲ್ಲ. ಪರೀಕ್ಷೆಯಿಂದ ಹೊಟ್ಟೆಯಲ್ಲಿ ದುಂಡುಹುಳುಗಳ ಬಾಧೆ ಹೊರಬಿದ್ದಿತು. ಮೀನಿನ ಮೂಲಕ ಹಕ್ಕಿಯನ್ನು ಸೇರುವ ಹುಳು ಅದು. ಮೀನು ಇರುವುದು ಸುತ್ತಲಿನ ಕೆರೆ ಹೊಳೆಗಳ ನೀರಿನಲ್ಲಿ. ಊರಿನ ಮರವನ್ನು ಉಳಿಸಿದರಷ್ಟೇ ಹಕ್ಕಿ ಉಳಿಯುವುದಿಲ್ಲ, ದೂರದ ನೀರನ್ನೂ ನೋಡಿಕೊಳ್ಳಬೇಕು ಎಂಬ ಮಾತನ್ನು ಹೇಳಲು ಪ್ರಾಣಿಶಾಸ್ತ್ರ ಓದಿದ ಅಕ್ಕನೇ ಬೇಕು. ಅವಳ ಮಾತನ್ನು ಊರು ಕೇಳಬೇಕಾದರೆ ಅವಳು ಆ ಊರಿಗೆ ಪರಿಚಿತಳಾಗಿರಬೇಕು.

ಪರಿಚಯವೆಂಬುದು ಒಂದು ಬೆಳಗಿನಲ್ಲಿ ಆಗುವ ವಸ್ತುವಲ್ಲ. ಈಗ ಕೆಲವು ವರ್ಷಗಳಿಂದ ದೇಶದ ಹಲವು ಕಡೆ, ಕೇರಳದಲ್ಲಿ ವಿಶೇಷವಾಗಿ, ಶಾಲೆಯ ಮಕ್ಕಳು ತಮಗೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರವಾರವೂ ಅದರ ಚಿಗುರು, ಹೂ, ಕಾಯಿಗಳನ್ನು ಗುರುತುಹಾಕಿಕೊಳ್ಳುವ ಕೆಲಸದಲ್ಲಿ ತೊಡಗಿದ್ದಾರೆ. ವಿಷು ಹಬ್ಬಕ್ಕೆ ಬೇಕಾದ ಕಕ್ಕೆಯ ಹೂ ಯಾವ ವಾರ ಅರಳಿತೆಂಬುದನ್ನು ಅವರು ಬರೆದಿಡುತ್ತಾರೆ. ಆ ಬರಹವನ್ನು ವಿಜ್ಞಾನಿಗಳು ಬಳಸಿಕೊಳ್ಳುತ್ತಾರೆ. ಒಂದು ಮರ, ಒಂದು ವರ್ಷ. ನೂರು ಸಸಿಗಳನ್ನು ಒಂದು ಗಂಟೆಯಲ್ಲಿ ನೆಡುವುದಕ್ಕಿಂತ ಇದು ಕಡಮೆಯೇನಲ್ಲ. ಸೇವೆಯ 240 ಗಂಟೆಗಳಲ್ಲಿ ತಿಂಗಳಿಗೆ ಎರಡೇ ಗಂಟೆಗಳನ್ನು ಒಂದೇ ಶಾಲೆಗೆ, ಅವೇ ಮಕ್ಕಳಿಗೆ ಮೀಸಲಿಟ್ಟರೂ ಎರಡು ವರ್ಷಗಳಲ್ಲಿ ಆಗುವುದು ನಲವತ್ತೆಂಟು ಗಂಟೆ. ಉಳಿದುದನ್ನು ಬೇರೆ ಸೇವೆಗೆ ಬಳಸಲಿ, ಬೇಡವೆನ್ನುವವರಾರು!

ಕಾಲೇಜಿನವರಿಗೇ ಸರಿಯಾಗಿ ತಿಳಿಯದು, ಅವರು ಮಕ್ಕಳಿಗೆ ಏನು ಹೇಳಿಯಾರು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಗೊತ್ತಿಲ್ಲದ ಪ್ರಶ್ನೆ ಎದುರಾದಾಗ, “ನನಗೆ ಗೊತ್ತಿಲ್ಲ ಪುಟ್ಟ, ಕೇಳಿಕೊಂಡು ಬರುತ್ತೇನೆ” ಎನ್ನುವ ಅಣ್ಣನಿಂದ ಮಗುವು ಕಲಿಯುವುದು ಸಣ್ಣ ಪಾಠವಲ್ಲ. ಗೊತ್ತಿಲ್ಲವೆಂದು ಹೇಳುವ ದೊಡ್ಡವರನ್ನು ಮಕ್ಕಳು ಬಹಳ ಕಂಡಿರುವುದಿಲ್ಲ. ಒಂದೇ ಷರತ್ತು, ಕೇಳಿಕೊಂಡ ಮೇಲೆ ಆ ಅಣ್ಣನು ಹಿಂದಿರುಗಿ ಬರಬೇಕು. ‘ಬರುತ್ತೇನೆ’ ಎಂಬ ಮಾತನ್ನು ದೊಡ್ಡವರು ಬಸ್ಸು ಹತ್ತುವಾಗಲೇ ಮರೆಯಬಲ್ಲರು, ಮಗುವು ಮರೆಯುವುದಿಲ್ಲ. ಎರಡು ಸಲ ಕಾದು ನಿರಾಶೆಗೊಂಡ ಮಗುವು ಮೂರನೆಯ ಸಲ ಬಂದವರ ಯಾವ ಮಾತನ್ನೂ ನಂಬುವುದಿಲ್ಲ. ಅವರು ಹೇಳಿದ ಕೆರೆಯ ಮಾತನ್ನೂ ನಂಬುವುದಿಲ್ಲ. ಒಣಗಿದ ಸಸಿಯ ಜಾಗದಲ್ಲಿ ಇನ್ನೊಂದನ್ನು ನೆಡಬಹುದು. ಈ ನಷ್ಟವನ್ನು ತುಂಬುವುದು ಅಷ್ಟು ಸುಲಭವಲ್ಲ.

ಇಂದು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರುವವರು ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಆ ಬಸ್ಸಿನಿಂದ ಇಳಿಯಬೇಕಾದವರು. ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದ ನೆನಪು ಅವರಿಗೆ ಇನ್ನೂ ಮಾಸಿಲ್ಲ. ತಮ್ಮ ಹೆಸರು ಕೇಳಿದ ಅಣ್ಣ ಯಾರು, ಕೇಳದೆ ಹೋದವರು ಯಾರು ಎಂಬುದು ಅವರಿಗೆ ಗೊತ್ತು. ಅವರಿಗಾಗಿ ಆಗ ಕಾಯುವ ಮಗುವು ಈಗ ಅಂಗನವಾಡಿಯಲ್ಲಿ ಇದ್ದೀತು. ಮುಂದೊಂದು ಏಪ್ರಿಲ್ ರಜೆಯ ಮಧ್ಯಾಹ್ನ, ಬೀಗ ಹಾಕಿದ ಶಾಲೆಯ ಅಂಗಳದಲ್ಲಿ, ಅಕ್ಕ ತನಗೆ ವಹಿಸಿಹೋದ ಹೊಂಗೆಯ ಸಸಿಗೆ ಅದು ಮನೆಯಿಂದ ತಂಬಿಗೆಯಲ್ಲಿ ತಂದ ನೀರನ್ನು ಹನಿಸುತ್ತಿರುತ್ತದೆ. ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿದರೆ ತಲೆಯೆತ್ತಿ ನೋಡುತ್ತದೆ.